ರಾಣಿಗೆ ಹಾರ ಹಾಕುವವರು

ತಿಟ್ಟು ಎಂಬ ಊರಿನಲ್ಲಿ ನಾಟಕ ಆಡುವುದು ಹಗಲು ಹೊತ್ತು. ಸಮೇತನಹಳ್ಳಿಯಾಚೆಗಿನ ಕೆರೆಗೆ ಪೈಪಿನಲ್ಲಿ ನೀರು ಬಿಡಲು ಶುರುಮಾಡಿದ ಮೇಲೆ ದಿಬ್ಬದ ಮೇಲಿದ್ದ ಐವತ್ತು ಮನೆಯ ಈ ಊರು ನಡುಗಡ್ಡೆಯಾಗಿ ಕೂತಿದೆ. ಓಡಾಟಕ್ಕೆ ಡ್ರಮ್ಮುಗಳ ಮೇಲೆ ಹಲಗೆ ಬಿಗಿದ ಒಂದು ತೆಪ್ಪ, ಎಳೆದುಕೊಂಡು ಹೋಗಲು ದಡದಿಂದ ದಡಕ್ಕೆ ಒಂದು ಹಗ್ಗ. ಕತ್ತಲಾದ ಮೇಲೆ ತೆಪ್ಪ ಬಿಡಬಾರದೆಂದು ಊರವರೇ ಕಟ್ಟು ಮಾಡಿಕೊಂಡಿದ್ದಾರೆ. ಹಾಗಾಗಿ ಬೇರೆ ಊರಿನವರು ಬೆಳಗಿನ ತನಕ ಆಡುವ ನಾಟಕವನ್ನು ಇವರು ತಿಂಡಿ ತಿಂದು ಶುರುಮಾಡಿ ಹೊತ್ತು ಮುಳುಗುವುದರೊಳಗೆ ಮುಗಿಸುತ್ತಾರೆ. ಬಿಸಿಲಿನಲ್ಲಿ ರಾಜನ ಮೀಸೆಗೆ ಹಚ್ಚಿದ ಗೋಂದೂ ಕಾಣುತ್ತದೆ, ಎದುರಿಗೆ ಕೂತವರ ಮುಖವೂ ಕಾಣುತ್ತದೆ. ಯಾರೂ ಏನನ್ನೂ ಬಚ್ಚಿಡುವಂತಿಲ್ಲ.

ಆದರೆ ಆ ವರ್ಷ ಶ್ರೀಧರನಿಗೆ ತನ್ನ ಅಪ್ಪನನ್ನೇ ಬಚ್ಚಿಡಬೇಕಾಗಿತ್ತು.

ಅವನ ಅಪ್ಪ ಆದಿನಾರಾಯಣಪ್ಪ ಮೀಸೆ ಬರುವ ಮೊದಲಿಂದ ಆ ನಾಟಕದಲ್ಲಿ ರಾಣಿಯಾದವನು. ಅದು ತಿಟ್ಟಿನವರೇ ಕಟ್ಟಿಕೊಂಡ ಪಾಳೇಗಾರನ ಕಥೆ. ಸೆರೆಬಿದ್ದ ಗಂಡನನ್ನು ಬಿಡಿಸಿಕೊಳ್ಳಲು ರಾಣಿ ವೈರಿಯ ಆಸ್ಥಾನಕ್ಕೆ ಬಂದು, ಹಾಡುತ್ತ ಹಾಡುತ್ತ ಮೈಮೇಲಿನ ಒಡವೆಗಳನ್ನೆಲ್ಲ ಬಿಚ್ಚಿಡುತ್ತಾಳೆ. ಆ ಘಟ್ಟ ಬಂದಾಗ ಹೊಸಕೋಟೆಯ ತರಕಾರಿ ಮಂಡಿಯ ಜಗಳಗಂಟರೂ ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಊರಿಗೆ ಅದು ಹೆಮ್ಮೆ, ಶ್ರೀಧರನಿಗೆ ತಲೆ ತಗ್ಗಿಸುವ ಸಂಗತಿ. ಸ್ಕೂಲಿನಲ್ಲಿ ಹುಡುಗರು ಅವನನ್ನು ಹೆಸರು ಹಿಡಿದು ಕೂಗಲೇ ಇಲ್ಲ, ‘ರಾಣಿ ಮಗ’ ಎಂದೇ ಕೂಗಿದರು. ಅದನ್ನು ಹೇಗೋ ನುಂಗಿಕೊಂಡ. ಆದರೆ ಎರಡು ವರ್ಷದ ಹಿಂದೆ ಹೆಣ್ಣು ಕೊಡಲು ಬಂದಿದ್ದ ಮಾಲೂರಿನ ಕಡೆಯವರು, “ಸೀರೆ ಉಡೋ ಮಾವನ ಮನೆಗೆ ಹೆಣ್ಣು ಕೊಡೋಕಾಗುತ್ತಾ?” ಎಂದು ನಕ್ಕು ಎದ್ದುಹೋದದ್ದು ಗಂಟಲಲ್ಲಿ ಇಳಿಯಲಿಲ್ಲ. ಮೊದಲೇ ನೀರು ದಾಟಿ ಬರಬೇಕಾದ ಊರು. ಹೆಣ್ಣು ಕೊಡುವವರು ದಡದಿಂದಲೇ ವಾಪಸಾಗುತ್ತಿದ್ದರು.

“ಇನ್ನೊಂದ್ಸಲ ಬಣ್ಣ ಹಚ್ಕೊಂಡ್ರೆ ನಾನು ಈ ಮನೇಲಿ ಇರಲ್ಲ” ಎಂದುಬಿಟ್ಟ ಅಪ್ಪನಿಗೆ.

“ಆಯ್ತು ಬಿಡು ಕಣಪ್ಪ” ಎಂದ ಅಪ್ಪ. ಆಮೇಲಿಂದ ರಾಣಿಯ ಪಾತ್ರಕ್ಕೆ ಬೆಂಗಳೂರಿನಿಂದ ಒಬ್ಬ ಕಲಾವಿದೆ ಬರತೊಡಗಿದಳು. ಅಪ್ಪ ನಾಟಕದ ದಿನ ದನದ ಕೊಟ್ಟಿಗೆಯಲ್ಲಿ ಕೆಲಸ ಹುಡುಕಿಕೊಂಡು ಇದ್ದುಬಿಡುತ್ತಿದ್ದ.

ಆ ವರ್ಷ ದಾಬಸ್‌ಪೇಟೆಯಿಂದ ಒಂದು ಸಂಬಂಧ ಬಂತು. ಹುಡುಗಿ ದಿವ್ಯ ಅಲ್ಲಿನ ಗೋಡೌನೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅವಳಪ್ಪ ವೇಣುಗೋಪಾಲ್‌ಗೆ ನಾಟಕದ ಹುಚ್ಚು. “ಹುಡುಗನ್ನ ಯಾವತ್ತಾದ್ರೂ ನೋಡ್ಬೋದು, ತಿಟ್ಟಿನ ನಾಟಕ ವರ್ಷಕ್ಕೊಂದೇ ಸಲ” ಎಂದು ನಾಟಕದ ದಿನವೇ ಮಗಳನ್ನು ಕರೆದುಕೊಂಡು ಬಂದರು. ತೆಪ್ಪ ಹತ್ತಲು ಅವರು ಒಂದಿಷ್ಟೂ ಹಿಂದೆಮುಂದೆ ನೋಡದ್ದು ಕಂಡು ಶ್ರೀಧರನಿಗೆ ಅರ್ಧ ಮದುವೆ ಆದಷ್ಟೇ ಸಂತೋಷವಾಯಿತು.

ಹಿಂದೆಮುಂದೆ ನೋಡಿದ್ದು ಬೆಂಗಳೂರಿನ ಕಲಾವಿದೆ. ಅವಳು ಬಂದು ಇಳಿಯುವ ಹೊತ್ತಿಗೆ ಗಾಳಿ ಎದ್ದು ತೆಪ್ಪ ಕುಣಿಯುತ್ತಿತ್ತು. “ಇದ್ರ ಮೇಲಾ? ನಂಗೆ ಇಬ್ರು ಮಕ್ಳಿದಾರೆ ಕಣ್ರಪ್ಪಾ” ಎಂದವಳೇ ಬಂದ ಆಟೋದಲ್ಲೇ ಹೊರಟುಹೋದಳು.

ಹಾರ್ಮೋನಿಯಂ ಮೇಷ್ಟ್ರು ಸಂಜೀವಪ್ಪ ಪಂಚೆ ಎತ್ತಿಕಟ್ಟಿಕೊಂಡು ಕೊಟ್ಟಿಗೆಗೆ ಓಡಿಬಂದ. “ಆದೀ, ಊರ ಮಾನ ನಿನ್ನ ಕೈಲಿದೆ ಕಣೋ.”

ಅಪ್ಪ, ಮೇಷ್ಟ್ರ ಹಿಂದೆಯೇ ಬಂದಿದ್ದ ಮಗನ ಮುಖ ನೋಡಿದ. ಮಗು ಮಿಠಾಯಿ ಅಂಗಡಿಯ ಮುಂದೆ ನಿಂತು ಅಮ್ಮನ ಮುಖ ನೋಡುವ ಹಾಗೆ ಆ ನೋಟ ಇತ್ತು. ಶ್ರೀಧರನಿಗೆ ಬೇಡ ಎನ್ನಲಾಗಲಿಲ್ಲ, ಹೂಂ ಎನ್ನಲು ಬಾಯಿ ಬರಲಿಲ್ಲ.

“ನೀನು ಯಾರು ಅಂತ ಅವ್ರಿಗೆ ಗೊತ್ತಾಗ್ಬಾರ್ದು” ಎಂದ.

“ಮೈಕಲ್ಲಿ ಹೆಸ್ರು ಕೂಗ್ಬೇಡಿ ಅಂತ ಹೇಳ್ತೀನಿ. ಊರೋರಿಗೂ ಹೇಳ್ತೀನಿ. ನೀನು ಹೋಗಿ ಅವ್ರ ಹತ್ರ ಕೂತ್ಕೋ, ಮಗಾ.” ಅಪ್ಪ ಆಗಲೇ ಹೊರಟಿದ್ದ.

ಶ್ರೀಧರ ಪೆಂಡಾಲಿಗೆ ಬಂದು ವೇಣುಗೋಪಾಲ್ ಪಕ್ಕದಲ್ಲಿ ಕೂತ. “ನಿಮ್ಮ ತಂದೆಯೋರು?” ಎಂದು ಅವರು ಕೇಳಿದರು.

“ಜ್ವರ ಸಾರ್. ಮನೇಲಿ ಮಲಗಿದಾರೆ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಹಿಂದಿನ ಸಾಲಿನಲ್ಲಿದ್ದ ನರಸಮ್ಮಜ್ಜಿ ಕೇಳಿಸಿಕೊಂಡು ಸೆರಗು ಬಾಯಿಗೆ ಇಟ್ಟುಕೊಂಡಳು. ಹುಡುಗನಿಗೆ ಒಂದು ಹೆಣ್ಣು ಸಿಕ್ಕರೆ ಸಾಕೆಂದು ಊರಿಗೆ ಊರೇ ಅವನ ಸುಳ್ಳನ್ನು ಮಡಿಲಲ್ಲಿಟ್ಟುಕೊಂಡು ಕೂತಿತ್ತು.

ರಾಣಿ ರಂಗಕ್ಕೆ ಬಂದಳು. ಉಟ್ಟಿದ್ದು ತೀರಿಹೋದ ಅವ್ವನ ಧಾರೆ ಸೀರೆ. ಶ್ರೀಧರ ಕಣ್ಣು ಕೆಳಗೆ ಹಾಕಿದ.

“ಹೆಣ್ಣಲ್ಲ ಕಣ್ರೀ, ಗಂಡಸು!” ಎಂದು ವೇಣುಗೋಪಾಲ್ ಅವನ ತೊಡೆ ತಟ್ಟಿದರು. “ಆ ನಡೆ ನೋಡಿ, ಆ ಗತ್ತು ನೋಡಿ. ಯಾರ್ರೀ ಇವ್ರು?”

“ಗೊತ್ತಿಲ್ಲ ಸಾರ್. ಹೊಸಕೋಟೆ ಕಡೆಯೋರು, ಕರೆಸಿರೋದು.”

ಒಡವೆ ಬಿಚ್ಚುವ ಹಾಡು ಮುಗಿದಾಗ ವೇಣುಗೋಪಾಲ್ ಗೊಳೋ ಎಂದು ಅಳುತ್ತಿದ್ದರು. ದಿವ್ಯಳೂ ಮೂಗೊರೆಸಿಕೊಂಡಳು. ಇಲ್ಲೇ ಹಾರ ಹಾಕುವ ಪದ್ಧತಿ. ಹಾರ್ಮೋನಿಯಂ ನಿಲ್ಲುತ್ತದೆ, ರಾಜನಾಗಲಿ ರಾಣಿಯಾಗಲಿ ಇದ್ದಲ್ಲೇ ಕೈಮುಗಿದು ನಿಲ್ಲುತ್ತಾರೆ, ಮನೆಯವರು ರಂಗಕ್ಕೆ ಹತ್ತಿ ಹಾರ ಹಾಕಿ ಇಳಿದ ಮೇಲೆ ಕಥೆ ಮುಂದಕ್ಕೆ ಹೋಗುತ್ತದೆ. ಮೈಕಿನವನು ಅಭ್ಯಾಸಬಲದಿಂದ ಕೂಗಿಯೇಬಿಟ್ಟ: “ರಾಣಿ ಪಾತ್ರಧಾರಿಗಳ ಕಡೆಯೋರು ಯಾರಾದ್ರೂ ಇದ್ರೆ ಹಾರ ಹಾಕೋಕೆ ಬರಬೇಕು.”

ಯಾರೂ ಏಳಲಿಲ್ಲ. ಊರವರೆಲ್ಲ ನೆಲ ನೋಡಿದರು. ಬಿಸಿಲಿಗೆ ಬಣ್ಣ ಇಳಿಯುತ್ತಿದ್ದರೂ ಅಪ್ಪ ಕೈಮುಗಿದು ನಿಂತೇ ಇದ್ದ. ಶ್ರೀಧರನಿಗೆ ಕೂತ ಕುರ್ಚಿ ಸುಡತೊಡಗಿತು, ಆದರೂ ಕೂತೇ ಇದ್ದ.

“ಪಾಪ, ಪರಸ್ಥಳದೋರು, ಅವ್ರ ಕಡೆಯೋರು ಯಾರೂ ಬಂದಿಲ್ಲ” ಎಂದು ವೇಣುಗೋಪಾಲ್ ಎದ್ದರು. ರಂಗದ ಪಕ್ಕದ ಹೂವಿನವಳ ಹತ್ತಿರ ಇದ್ದುದರಲ್ಲೇ ದಪ್ಪನೆಯ ಸೇವಂತಿಗೆ ಹಾರ ತೆಗೆದುಕೊಂಡು, ಶ್ರೀಧರನ ರಟ್ಟೆ ಹಿಡಿದು ಮೇಲಕ್ಕೆ ಕರೆದೊಯ್ದರು. “ನೀವೇ ಹಾಕಿ. ಊರು ನಿಮ್ದು.”

ಶ್ರೀಧರ ಹಾರ ಹಾಕಿದ. ಹಾರ ರಾಣಿಯ ಮುಡಿಗೆ ಸಿಕ್ಕಿಕೊಂಡಿತು. ಅಪ್ಪನೇ ಅದನ್ನು ಬಿಡಿಸಿಕೊಂಡು, ರಾಣಿಯ ದನಿಯಲ್ಲೇ, ಯಾರೋ ಹೊರಗಿನವನನ್ನು ಮಾತಾಡಿಸಿದ ಹಾಗೆ ಕೇಳಿದ: “ಯಾವೂರಪ್ಪ ನಿಮ್ದು? ಬಿಸಿಲಲ್ಲಿ ಹತ್ತಿ ಬಂದ್ರಿ. ನಿಮ್ಮನ್ನ ಹೆತ್ತೋರು ತಣ್ಣಗಿರ್ಲಿ.”

“ಅಪ್ಪಾ...” ಎಂದುಬಿಟ್ಟ ಶ್ರೀಧರ. ಮೈಕು ಅದನ್ನು ಕೆರೆಯಾಚೆ ದಡದವರೆಗೂ ಮುಟ್ಟಿಸಿತು.

ವೇಣುಗೋಪಾಲ್ ಒಮ್ಮೆ ರಾಣಿಯ ಮುಖ ನೋಡಿದರು, ಒಮ್ಮೆ ಹುಡುಗನ ಮುಖ. “ಅಪ್ಪನಾ? ಜ್ವರ ಅಂದ್ರಿ?”

ಅಪ್ಪ ತಡಮಾಡಲಿಲ್ಲ. “ತಪ್ಪು ನಂದೇ ಸ್ವಾಮಿ” ಎಂದ ಅವಸರ ಅವಸರವಾಗಿ. “ಪಾತ್ರ ಮಾಡೋದು ನಾನು ಅಂತ ಹೇಳ್ಬೇಡ, ಜ್ವರ ಅಂತ ಹೇಳು ಅಂತ ನಾನೇ ಅವನಿಗೆ ಹೇಳ್ಕೊಟ್ಟಿದ್ದೆ. ನೀವು ನೋಡಿ ಕಂಡುಹಿಡೀತೀರಾ ಇಲ್ವಾ ಅಂತ ಒಂದು ತಮಾಷೆ.”

“ಹೌದೌದು” ಎಂದ ಮೇಷ್ಟ್ರು ಹಾರ್ಮೋನಿಯಂ ಮುಂದಿನಿಂದ. ಊರೆಲ್ಲ ತಲೆಯಾಡಿಸಿತು. ಶ್ರೀಧರ ಬಾಯಿ ಬಿಡಲಿಲ್ಲ.

ವೇಣುಗೋಪಾಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಣಿಯನ್ನು ತಬ್ಬಿಕೊಂಡು, “ಇಂಥಾ ಬೀಗರು ಸಿಗ್ಬೇಕಲ್ಲ!” ಎಂದರು. ಶಿಳ್ಳೆ, ಚಪ್ಪಾಳೆ. ಸಂಬಂಧ ರಂಗದ ಮೇಲೇ ಕುದುರಿತು. ಮುಂದಿನ ಆಟ ಹೇಗೆ ನಡೆಯಿತೋ ಶ್ರೀಧರನಿಗೆ ತಿಳಿಯದು. ಬಯಸಿದ್ದು ಸಿಕ್ಕಿತ್ತು, ಮೈಯೆಲ್ಲ ನಾಚಿಕೆಯಿಂದ ತುರಿಸುತ್ತಿತ್ತು.

ಹೊತ್ತು ಇಳಿಯುವ ಮುಂಚೆ ಎಲ್ಲರೂ ತೆಪ್ಪದ ಹತ್ತಿರ ಬಂದರು. ಅಪ್ಪನಿಗೆ ಸೀರೆ ಬಿಚ್ಚಲೂ ಪುರಸೊತ್ತಿಲ್ಲ. ಕೂದಲಿನ ಟೋಪನ್ನು ಕಂಕುಳಲ್ಲಿ ಇರುಕಿಕೊಂಡು ಬೀಗರ ಕೈಹಿಡಿದು ನಡೆಯುತ್ತಿದ್ದ. ದಿವ್ಯ ನಾಲ್ಕು ಹೆಜ್ಜೆ ಹಿಂದೆ ಉಳಿದು ಶ್ರೀಧರನ ಜೊತೆಯಾದಳು.

“ನಿಮ್ಮ ತಂದೆ ತುಂಬಾ ಚೆನ್ನಾಗಿ ಮಾಡ್ತಾರೆ” ಎಂದಳು. “ಇಡೀ ನಾಟಕದಲ್ಲಿ ಅವ್ರು ಎಡವಿದ್ದು ಒಂದೇ ಒಂದು ಮಾತಲ್ಲಿ. ಜ್ವರದ ಮಾತು ನಂದೇ ಅಂದ್ರಲ್ಲ, ಅದ್ರಲ್ಲಿ.”

ಶ್ರೀಧರನ ಹೆಜ್ಜೆ ನಿಧಾನವಾಯಿತು.

“ನಮ್ಮಪ್ಪ ನಂಬಿದಾರೆ. ನಾನು ಹೇಳಲ್ಲ” ಎಂದು ಅವಳು ಮುಂದೆ ಹೋಗಿ ತೆಪ್ಪ ಹತ್ತಿದಳು.

ಬೀಗರನ್ನು ದಾಟಿಸಲು ಶ್ರೀಧರನೇ ಹಗ್ಗ ಎಳೆದ. ಹಿಂದಿನಿಂದ ಅಪ್ಪ ಕೂಗಿದ: “ಹುಷಾರಾಗಿ ಹೋಗ್ಬನ್ನಿ ಬೀಗ್ರೇ!” ಗಾಜಿನ ಬಳೆ ತುಂಬಿದ ಕೈಯನ್ನು ಬೀಸುತ್ತಲೇ ಇದ್ದ. ವೇಣುಗೋಪಾಲ್ ಕೂಡ ಬೀಸಿದರು. ಅರ್ಧ ನೀರಿನಲ್ಲಿ ಶ್ರೀಧರನ ಕೈ ನಿಂತಿತು.

“ನಮ್ಮಪ್ಪ ಹೇಳ್ಕೊಟ್ಟಿರ್ಲಿಲ್ಲ ಸಾರ್. ಜ್ವರ ಅಂದಿದ್ದು ನಾನೇ. ಅವ್ರು ಸೀರೆ ಉಡೋದು ನಿಮ್ಗೆ ಗೊತ್ತಾದ್ರೆ ಹೆಣ್ಣು ಕೊಡಲ್ಲ ಅಂತ... ನಂಗೆ ನಾಚಿಕೆ ಆಗಿತ್ತು.”

ವೇಣುಗೋಪಾಲ್ ಬೀಸುತ್ತಿದ್ದ ಕೈ ಕೆಳಗಿಳಿಯಿತು.

“ಇರೋ ಅಪ್ಪಂಗೇ ಇಲ್ಲದ ಜ್ವರ ಬರ್ಸಿದೆ. ನಾಳೆ ನನ್ ಮಗಳ ವಿಷ್ಯದಲ್ಲಿ ಏನಪ್ಪಾ ಹೇಳ್ತೀಯ ನಾಲ್ಕು ಜನದ ಮುಂದೆ?”

ದಡ ಮುಟ್ಟಿದ ಮೇಲೆ ಅವರು ತಿಟ್ಟಿನ ಕಡೆ ತಿರುಗಿ, ದೂರದಲ್ಲಿ ನಿಂತಿದ್ದ ಅಪ್ಪನಿಗೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ಶ್ರೀಧರನಿಗೆ, “ಊರಿಗೆ ಹೋಗಿ ತಿಳಿಸ್ತೀವಿ” ಎಂದರು. ಆ ಮಾತಿನ ಅರ್ಥ ಹೆಣ್ಣು ಹುಡುಕುವ ಪ್ರತಿಯೊಬ್ಬನಿಗೂ ಗೊತ್ತು. ದಿವ್ಯ ಕಾರು ಹತ್ತುವ ಮುಂಚೆ ಒಂದು ಸಲ ತಿರುಗಿ ನೋಡಿದಳು.

ಶ್ರೀಧರ ಒಬ್ಬನೇ ಹಗ್ಗ ಎಳೆಯುತ್ತ ವಾಪಸು ಬಂದ. ಅಪ್ಪ ಅವ್ವನ ಸೀರೆಯ ನೆರಿಗೆ ಎತ್ತಿಹಿಡಿದು ನೀರಿಗೇ ಇಳಿದು ನಿಂತಿದ್ದ. ಮುಖದ ಬಣ್ಣ ಬೆವರಿಗೆ ಕಲಸಿಹೋಗಿತ್ತು.

“ಏನಂದ್ರಪ್ಪ ಬೀಗ್ರು?” ಎಂದು ತೆಪ್ಪವನ್ನು ದಡಕ್ಕೆ ಹಿಡಿದುಕೊಂಡ. ಮಗನ ಮುಖ ಕಂಡು ದನಿ ಇಳಿಯಿತು. “ನನ್ನಿಂದ ಏನೂ ತೊಂದ್ರೆ ಆಗ್ಲಿಲ್ಲ ತಾನೆ?”

“ನಿನ್ನಿಂದ ಏನೂ ಆಗ್ಲಿಲ್ಲಪ್ಪ” ಎಂದ ಶ್ರೀಧರ. ತಲೆ ಎತ್ತಿ ಹೇಳಲು ಮಾತ್ರ ಅವನಿಗೆ ಆಗಲಿಲ್ಲ.