ಕಿತ್ತಳೆ ಹಣ್ಣಿನ ಆಪರೇಷನ್

ಮೂರನೆಯ ಮಹಡಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಟೈಲರ್ ಅಂಗಡಿ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹತ್ತಿರ ಹೊಲಿಗೆ ಕಲಿತು ಹೋದವರು ಅರವತ್ತು ಜನಕ್ಕೆ ಕಡಿಮೆಯಿಲ್ಲ. ಕಲಿಯಲಾಗದೆ ಬಿಟ್ಟು ಹೋದವರೂ ಇದ್ದಾರೆ, ಅದು ಅವರದೇ ತಪ್ಪು ಎಂದು ತಿಳಿದಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಮುಚ್ಚಿಟ್ಟು ಪ್ರಯೋಜನವಿಲ್ಲ, ಇಡೀ ಬೀದಿಗೆ ಗೊತ್ತು.

ಸೊಸೆ ಪಶುವೈದ್ಯ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ರೋಗ, ಔಷಧಿ, ಮೂಳೆ, ಯಾವುದನ್ನು ಕೇಳಿದರೂ ಪಟಪಟ ಹೇಳುತ್ತಿದ್ದಳು. ಆದರೆ ಗಾಯ ಹೊಲಿಯುವ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಫೇಲು. ಹದಿನೈದು ನಿಮಿಷದಲ್ಲಿ ದಪ್ಪ ರಬ್ಬರ್ ಹಾಳೆಯ ಸೀಳಿಗೆ ಹತ್ತು ಹೊಲಿಗೆ ಹಾಕಬೇಕು, ಒಂದೊಂದಕ್ಕೂ ಪ್ರತ್ಯೇಕ ಗಂಟು. ಸೋಮವಾರ ಮೂರನೆಯ ಅವಕಾಶ, ಅದೇ ಕೊನೆಯದು. ತಪ್ಪಿದರೆ ಇಡೀ ವರ್ಷ ಮತ್ತೆ ಓದಬೇಕು.

"ಅತ್ತೆ, ನೀವು ಸ್ವಲ್ಪ ಹೇಳಿಕೊಡ್ತೀರಾ?" ಎಂದು ಅವಳು ಬುಧವಾರ ಕೇಳಿದಾಗ ನನಗೆ ಒಳಗೊಳಗೇ ಜಂಬ. ಡಾಕ್ಟರಾಗುವವಳು ಟೈಲರ್ ಹತ್ತಿರ ಬಂದಿದ್ದಾಳಲ್ಲ!

"ಬಟ್ಟೆ ಆದರೇನು, ಎಮ್ಮೆ ಆದರೇನು? ಹೊಲಿಗೆ ಹೊಲಿಗೇನೇ ಕಣೇ. ಕೂತ್ಕೋ," ಎಂದೆ.

ಎಮ್ಮೆಯನ್ನು ಮೂರನೆಯ ಮಹಡಿಗೆ ಹತ್ತಿಸಲು ಆಗದ್ದರಿಂದ ಒಂದು ಚೀಲ ಕಿತ್ತಳೆ ತರಿಸಿದೆವು. ಸಿಪ್ಪೆಯನ್ನು ಬ್ಲೇಡಿನಿಂದ ಸೀಳುವುದು, ಆಮೇಲೆ ಹೊಲಿಯುವುದು. ಸೂಜಿ ಆಳಕ್ಕಿಳಿದರೆ ರಸ ಸೋರುತ್ತದೆ, ಮೇಲುಮೇಲೆ ಹೋದರೆ ಸಿಪ್ಪೆ ಹರಿಯುತ್ತದೆ. ಅವಳ ಬಾಗಿದ ಸೂಜಿಯನ್ನೂ ಅದನ್ನು ಹಿಡಿಯುವ ಪುಟ್ಟ ಇಕ್ಕಳವನ್ನೂ ಒಂದೇ ಗಂಟೆಯಲ್ಲಿ ಪಳಗಿಸಿಕೊಂಡೆ. ನನ್ನ ಕಿತ್ತಳೆಯ ಹೊಲಿಗೆ ನೋಡಿದರೆ ಹಣ್ಣಿಗೆ ಗಾಯವೇ ಆಗಿಲ್ಲವೇನೋ ಅನ್ನಿಸುವಂತಿತ್ತು.

ಅವಳದು ಮಾತ್ರ ಕೇಳಲೇ ಬೇಡಿ. ರಸ ಮೊಣಕೈವರೆಗೆ ಇಳಿಯುತ್ತಿತ್ತು, ಗಂಟುಗಳು ಸಡಿಲ. ಅವಳು ಎಡಗೈಯವಳು. ಬರೆಯುವುದು, ತರಕಾರಿ ಹೆಚ್ಚುವುದು, ಬಾಗಿಲ ಬೀಗ ತೆಗೆಯುವುದು, ಎಲ್ಲ ಎಡಗೈಯಲ್ಲೇ. "ಇಕ್ಕಳ ಬಲಗೈಗೆ ತಗೋ. ಹೊಲಿಗೆ ಬಲಗೈ ಕೆಲಸ," ಎಂದು ಮೊದಲೇ ಅಪ್ಪಣೆ ಕೊಡಿಸಿದ್ದೆ. ಕಾಲೇಜಿನ ಮೇಷ್ಟ್ರೂ ಹಾಗೇ ಅಂದಿದ್ದರಂತೆ. ನಾನು ತೋರಿಸುತ್ತಿದ್ದೆ, ಪಕ್ಕದಲ್ಲಿ ಕೂತು ಅವಳು ಕೆಡಿಸುತ್ತಿದ್ದಳು. "ಹೀಗಲ್ಲ, ಹೀಗೆ! ಕೊಡು ಇಲ್ಲಿ," ಎಂದು ನಾನೇ ಕಿತ್ತುಕೊಂಡು ಮುಗಿಸುತ್ತಿದ್ದೆ.

"ಬದುಕದ ರೋಗಿಗಳನ್ನೆಲ್ಲ ನಾನೇ ತಿನ್ನಬೇಕಾ?" ಎಂದು ಮಗ ಗೊಣಗುತ್ತ, ನೂಲು ಕಿತ್ತು ಕಿತ್ತು ತಿನ್ನುತ್ತಿದ್ದ. ಎರಡು ದಿನದಲ್ಲಿ ಹದಿನೆಂಟು ಹಣ್ಣು.

ಶುಕ್ರವಾರ ಬೆಳಿಗ್ಗೆ ನನ್ನ ತಾಳ್ಮೆ ಕೆಟ್ಟಿತು. "ಇಷ್ಟು ಓದಿದವಳಿಗೆ ಇಷ್ಟೂ ತಲೆಗೆ ಹೋಗಲ್ವೇನೇ?" ಎಂದುಬಿಟ್ಟೆ.

ಅವಳು ಎಂದೂ ನನಗೆ ಎದುರು ಮಾತಾಡಿದವಳಲ್ಲ. ಅಂದು ಇಕ್ಕಳವನ್ನು ಠಪ್ಪನೆ ಮೇಜಿನ ಮೇಲಿಟ್ಟಳು. ಕಣ್ಣು ತುಂಬಿತ್ತು. "ತಲೆಗೆ ಹೋಗಿದೆ ಅತ್ತೆ, ಕೈಗೆ ಹೋಗ್ತಿಲ್ಲ. ನೀವೊಂದ್ಸಲ ಎಡಗೈಲಿ ಹಾಕಿ ನೋಡಿ!"

"ಅದೇನು ಮಹಾ!" ಎಂದು ಹೊಸ ಕಿತ್ತಳೆ ಎಳೆದುಕೊಂಡೆ.

ಇಪ್ಪತ್ತು ನಿಮಿಷದಲ್ಲಿ ಮೂರು ಸಲ ಬೆರಳು ಚುಚ್ಚಿಕೊಂಡೆ. ಎಂದಿನಂತೆ ಸೀಳಿನ ಬಲತುದಿಯಿಂದ ಶುರುಮಾಡಿದ್ದೆ. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕೋ ಅಲ್ಲೇ ನನ್ನ ಕೈ ಅಡ್ಡ. ನೂಲು ಬೇಡದ ಕಡೆಗೇ ಬಂದು ಬೀಳುತ್ತಿತ್ತು. ಬೆವರಿಬಿಟ್ಟೆ. ಮಗ ಬಂದು ಇಣುಕಿದ. "ಅಮ್ಮಾ, ಇದನ್ನ ಯಾವ ಕೋಳಿ ಕೆದರಿದ್ದು?"

ಸೊಸೆಗೆ ಅಳುವಿನ ಮಧ್ಯೆಯೇ ನಗು ಉಕ್ಕಿತು. ನನಗೂ ತಡೆಯಲಾಗಲಿಲ್ಲ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಮಾತ್ರ ನನಗೆ ನಾಚಿಕೆಯಾಯಿತು. ಬಾರದ ಕೈಗೆ ಸೂಜಿ ಕೊಟ್ಟು ಎರಡು ದಿನ ಬೈದಿದ್ದೆನಲ್ಲ. ಹಿಂದೆ ಬಿಟ್ಟು ಹೋದವರಲ್ಲಿ ಇಂಥವರು ಎಷ್ಟು ಜನವಿದ್ದರೋ ಏನೋ.

"ಇಕ್ಕಳ ಎಡಗೈಗೇ ತಗೋ. ಎಡತುದಿಯಿಂದ ಶುರುಮಾಡು," ಎಂದೆ. ಪಕ್ಕದ ಕುರ್ಚಿ ಬಿಟ್ಟು ಅವಳ ಎದುರಿಗೆ ಹೋಗಿ ಕೂತೆ. ಈಗ ನನ್ನ ಬಲಗೈ ಎತ್ತ ಹೋದರೆ ಅವಳ ಎಡಗೈಯೂ ಅತ್ತಲೇ. ಕನ್ನಡಿ ನೋಡಿಕೊಂಡು ತಲೆ ಬಾಚಿದ ಹಾಗೆ, ಅಷ್ಟೇ.

ಮೊದಲ ಗಂಟು ನಿಂತಿತು. ಎರಡನೆಯದೂ ನಿಂತಿತು. ಮೂರನೆಯದಕ್ಕೆ ಅವಳು ನನ್ನ ಕೈ ನೋಡುವುದನ್ನೇ ಬಿಟ್ಟಳು. ಹತ್ತೂ ಮುಗಿದಾಗ ಕಿತ್ತಳೆಯನ್ನು ತಲೆಕೆಳಗೆ ಹಿಡಿದಳು. ಒಂದು ಹನಿ ರಸ ಬೀಳಲಿಲ್ಲ. "ಅತ್ತೇ!" ಎಂದು ಕಿರುಚಿ ನನ್ನ ಕೊರಳಿಗೆ ಬಿದ್ದಳು, ಕೈಯಲ್ಲಿ ಸೂಜಿ ಇದೆ ಅನ್ನುವುದನ್ನೂ ಮರೆತು! ಇಷ್ಟು ವರ್ಷ ಎಷ್ಟೋ ಜನರಿಗೆ ಕಲಿಸಿದ್ದೇನೆ. ಅಂದಿನಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಆ ಹಣ್ಣನ್ನು ಮಾತ್ರ ಮಗನಿಗೆ ತಿನ್ನಲು ಕೊಡಲಿಲ್ಲ.

ಸೋಮವಾರ ಅಂಗಡಿಯಲ್ಲಿ ಒಂದು ಗುಂಡಿಯನ್ನೂ ನೆಟ್ಟಗೆ ಹಚ್ಚಲಾಗಲಿಲ್ಲ. ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು.

"ಅತ್ತೆ, ಪಾಸ್! ಹನ್ನೆರಡೇ ನಿಮಿಷ! ಆದರೆ ಮೇಷ್ಟ್ರು, ಹೊಲಿಗೆ ಅತಿ ಸಣ್ಣ ಆಯ್ತು, ಎಮ್ಮೆಗೇನು ಅಂಗಿ ಹೊಲೀತಿದ್ದೀಯಾ ಅಂದ್ರು."

"ಅವರ ಅಂಗಿ ತಂದುಕೊಡೋಕೆ ಹೇಳು, ಸಣ್ಣ ಹೊಲಿಗೆ ಅಂದ್ರೇನು ಅಂತ ತೋರಿಸ್ತೀನಿ," ಎಂದೆ. "ಬೇಗ ಬಾ. ಊಟಕ್ಕೆ ಕಾಯ್ತಿದ್ದೀನಿ."

"ನೀವು ಊಟ ಮಾಡಿಬಿಡಿ ಅತ್ತೆ. ಇಲ್ಲೊಬ್ಬಳು ಮೆಟ್ಟಿಲ ಮೇಲೆ ಅಳ್ತಾ ಕೂತಿದ್ದಾಳೆ, ಅವಳೂ ಎಡಗೈಯವಳೇ. ಮೂರು ಗಂಟೆಗೆ ಅವಳ ಸರದಿ. ಇಬ್ಬರದೂ ಒಂದೇ ಕೈ, ಇವಳಿಗೆ ನಾನು ಎದುರಿಗಲ್ಲ, ಪಕ್ಕದಲ್ಲೇ ಕೂತ್ಕೋಬೇಕು, ಅಲ್ವಾ?"

"ಹೌದು ಕಣೇ," ಎಂದೆ.

ಅತ್ತ ಅವಳು ಫೋನನ್ನು ಕಲ್ಲುಮೆಟ್ಟಿಲ ಮೇಲಿಟ್ಟ ಸದ್ದಾಯಿತು. ಕರೆ ನಿಲ್ಲಿಸಲು ಮರೆತಿದ್ದಳು. ಯಾರೋ ಮೂಗು ಸೊರಸೊರ ಎಳೆದರು. ಆಮೇಲೆ ನನ್ನ ಸೊಸೆಯ ದನಿ ಮೆಲ್ಲಗೆ ಕೇಳಿಸಿತು: "ನಾನು ಆಮೇಲೆ ತೋರಿಸ್ತೀನಿ. ಮೊದಲು ನೀನು ಹಾಕು, ಎಲ್ಲಿ ಸಿಕ್ಕಿಕೊಳ್ತಿದೆ ಅಂತ ನೋಡೋಣ."

ಇದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅನ್ನ ಆರುತ್ತಿತ್ತು, ಅಂಗಡಿಯ ಬಾಗಿಲಲ್ಲಿ ಯಾರೋ ಕರೆಯುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಪಾಠ ಕೇಳುತ್ತ ನಿಂತೆ.