ಮೈಕ್‌ಸೆಟ್ ಚಲಪತಿಯ ಹೆಡ್‌ಫೋನು

ಶಿಡ್ಲಘಟ್ಟದ ಮೈಕ್‌ಸೆಟ್ ಚಲಪತಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸಂಜೆ ಅವನ ಹೆಂಡತಿ ಅನಸೂಯಮ್ಮ ರೇಡಿಯೋದಲ್ಲಿ ಸೋಬಾನೆ ಪದ ಹಾಡುವವಳಿದ್ದಳು! ಅವಳು ಅಣ್ಣನ ಜೊತೆ ಬೆಂಗಳೂರಿಗೆ ಹೊರಟಳು. ಇವನು ಬ್ಯಾಟರಿ ರೇಡಿಯೋ, ಆಂಪ್ಲಿಫೈಯರ್, ದೊಡ್ಡ ಹಾರ್ನು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಜಂಗಮಕೋಟೆಯ ಅತ್ತೆ ಮನೆಗೆ ಬಂದಿಳಿದ. ಅವಳು ಹುಟ್ಟಿದ ಊರಿಗೆ ಊರೇ ಕೇಳಬೇಕೆಂಬುದು ಅವನ ಹಟ. ಸದ್ದು ಹೆಚ್ಚಿದಷ್ಟೂ ಮರ್ಯಾದೆ ಹೆಚ್ಚು ಎಂದು ನಂಬಿದ್ದ ಆಸಾಮಿ. ಮದುವೆ ಮನೆಗಳಲ್ಲಿ ಅವನ ಸೆಟ್ಟು ಶುರುವಾದರೆ ವಾಲಗದವರೇ ಕೈಚೆಲ್ಲಿ ಕೂರುತ್ತಿದ್ದರು.

ಅತ್ತೆ ಚಿಕ್ಕವೆಂಕಟಮ್ಮ ಅಳಿಯನ ಎದುರಿಗೆ ಬರುವವಳಲ್ಲ. ಆ ಮನೆಯ ಪದ್ಧತಿಯೇ ಹಾಗೆ. ಏನು ಹೇಳುವುದಿದ್ದರೂ ಬಾಗಿಲ ಮರೆಯಲ್ಲಿ ನಿಂತು ಕಂಬಕ್ಕೆ ಹೇಳುತ್ತಿದ್ದಳು. ಹಾರ್ನು ಕಂಡದ್ದೇ ಕಂಬಕ್ಕೆ ಹೇಳಿದಳು: "ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಆ ಕೊಂಬು ಇಲ್ಲಿ ಕೂಗಬಾರದು."

ಜ್ವರವೆಂದರೆ ರೇಷ್ಮೆಹುಳು ಸೊಪ್ಪು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಕೂರುವ ಹೊತ್ತು. ಆಗ ಗದ್ದಲವಾದರೆ ಬೆಳೆ ಕೆಡುತ್ತದೆಂದು ಆ ಮನೆಯವರ ಭಯ. ಊರ ಕಟ್ಟೆಗೆ ಒಯ್ಯೋಣವೆಂದರೆ ಹುಳು ಬಿಟ್ಟು ಅತ್ತೆ ಬರುವವಳಲ್ಲ. ಹೆತ್ತವಳೇ ಕೇಳದ ಮೇಲೆ ಊರು ಕೇಳಿ ಏನು ಬಂತು?

ಚಲಪತಿಗೆ ಪೆಟ್ಟಿಗೆಯ ತಳದಲ್ಲಿದ್ದ ಹೆಡ್‌ಫೋನು ನೆನಪಾಯಿತು. ಯುದ್ಧಕಾಲದ್ದು, ಗುಜರಿಯಲ್ಲಿ ಕೊಂಡದ್ದು. ಇಷ್ಟು ಪುಟ್ಟ ವಸ್ತುವಿನಲ್ಲಿ ದನಿ ಹೊರಡಬೇಕಾದರೆ ಪವರ್ ಜಾಸ್ತಿಯೇ ಬೇಕು ಎಂದು ಲೆಕ್ಕ ಹಾಕಿ, ಅದನ್ನು ನೇರವಾಗಿ ಹಾರ್ನಿನ ತಂತಿಗೆ ಸಿಕ್ಕಿಸಿ ಗುಂಡಿ ತಿರುಗಿಸಿದ. ಚಟ್ ಎಂದಿತು. ಎಡಗಿವಿಯ ಬಿಲ್ಲೆಯಿಂದ ಸಣ್ಣಗೆ ಹೊಗೆ ಎದ್ದಿತು.

ಬಲಗಡೆಯದರ ತಂತಿಯನ್ನು ಬ್ಯಾಟರಿಗೆ ತಾಗಿಸಿ ನೋಡಿದ, ಕಟಕ್ ಎಂದಿತು; ಜೀವವಿತ್ತು. ಇದೂ ಹೋದರೆ ಅನಸೂಯಳ ಹಾಡು ಈ ಮನೆಯ ಪಾಲಿಗಿಲ್ಲ. ಅವಳು ಹಾಡಬೇಕಿದ್ದ ಗ್ರಾಮಸ್ಥರ ಕಾರ್ಯಕ್ರಮ ರೇಡಿಯೋದಲ್ಲಿ ಆಗಲೇ ಶುರುವಾಗಿತ್ತು. ಆಂಪ್ಲಿಫೈಯರನ್ನು ಪೂರ್ತಿ ಬಿಚ್ಚಿ ಬದಿಗಿಟ್ಟು, ರೇಡಿಯೋದ ಸ್ಪೀಕರ್ ತಂತಿ ಬಿಡಿಸಿ ಅಲ್ಲಿಗೇ ಬಲಬಿಲ್ಲೆಯ ಕೊಂಡಿ ಹಾಕಿದ. ಹೆಡ್‌ಫೋನನ್ನು ಹೊಸಿಲ ಮೇಲಿಟ್ಟು ಹಿಂದೆ ಸರಿದ. ಒಳಗಿನಿಂದ ಒಂದು ಕೈ ಬಂದು ಅದನ್ನು ಎತ್ತಿಕೊಂಡಿತು.

"ಕಿವಿ ಒಡೆಯುತ್ತೆ, ಕಮ್ಮಿ ಮಾಡಕ್ಕೆ ಹೇಳು," ಎಂದು ಅವಳು ಕಂಬಕ್ಕೆ ಹೇಳಿದಳು. ಕಮ್ಮಿ ಮಾಡಿದ. ಇನ್ನೂ ಕಮ್ಮಿ ಎಂದಳು. ಗುಂಡಿ ತಿರುಗಿ ತಿರುಗಿ ಕೊನೆಯ ಅಂಚಿಗೆ ಬಂತು. ಇಷ್ಟರಲ್ಲಿ ಸೊಳ್ಳೆಯೂ ಹಾಡಲಾರದು, ಪಾಪ, ನನಗೆ ಬೇಸರ ಮಾಡಬಾರದೆಂದು ಅತ್ತೆ ಸುಮ್ಮನಿದ್ದಾಳೆ ಎಂದುಕೊಂಡ. ಅಷ್ಟರಲ್ಲಿ ಬಾಗಿಲ ಮರೆಯಲ್ಲಿ ಬಿಕ್ಕಿದ ಸದ್ದು ಕೇಳಿಸಿತು.

ಅನಸೂಯ ಹಾಡುತ್ತಿದ್ದಳು! ಇವನಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಅವನು ಕಂಬವನ್ನೇ ನೋಡುತ್ತ ನಿಂತ.

ಚಿಕ್ಕವೆಂಕಟಮ್ಮ ಹೊಸಿಲು ದಾಟಿ ಈಚೆಗೆ ಬಂದಳು. ಸೆರಗು ತಲೆಯಿಂದ ಜಾರಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ನಿನ್ನ ಹೆಂಡ್ತಿ ಕಣಪ್ಪ," ಎಂದಳು, ಅವನಿಗೇ. "ಬಾ, ಕಿವಿ ಕೊಡು."

ಒಂದೇ ಬಿಲ್ಲೆಗೆ ಇಬ್ಬರೂ ತಲೆ ಆನಿಸಿದರು. ಅನಸೂಯ ಅವನ ಕಿವಿಯೊಳಗೇ ಕೂತು ಹಾಡಿದಂತಿತ್ತು. ಸಾಲಿಗೂ ಸಾಲಿಗೂ ನಡುವೆ ಅವಳು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಮನೆಯಲ್ಲಿ ರಾಗಿ ಕೇರುತ್ತ ಅವಳು ಹಾಡಿದಾಗೆಲ್ಲ ಇವನು ಹಾರ್ನು ಪರೀಕ್ಷೆ ಮಾಡುತ್ತಿದ್ದ.

"ಕೇಳಿಸ್ತಾ?" ಎಂದಳು ಅತ್ತೆ.

ಬಾಯಿ ತೆರೆದರೆ ಎಲ್ಲಿ ಅನಸೂಯಳ ದನಿ ಮುಚ್ಚಿಹೋದೀತೋ ಎಂದು ಚಲಪತಿ ಉತ್ತರವನ್ನೇ ಕೊಡಲಿಲ್ಲ.