ಎದುರು ಬರುವವರು

ನಮ್ಮ ಕೂಲಿ ಹೆಂಗಸರ ಟೋಳಿಯಲ್ಲಿ ನಾಳೆಯಿಂದ ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎದುರು ಬರುವುದಿಲ್ಲ, ಅಷ್ಟೇ. ಜೋಳದ ಹೊಲದಲ್ಲಿ ಖುರಪಿಯಿಂದ ಕಳೆ ತೆಗೆಯುವಾಗ ಒಬ್ಬೊಬ್ಬಳಿಗೆ ಒಂದೊಂದು ಸಾಲು. ತನ್ನದು ಮುಗಿಸಿದವಳು ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಹಿಡಿದು ಎದುರು ಬರುತ್ತಾಳೆ. ನಡುವೆ ಇಬ್ಬರ ಖುರಪಿ ಕೂಡಿದರೆ ಸಾಲು ಮುಗಿಯಿತು. ನಮ್ಮೂರು ಉಟಗಿಯ ಹೆಂಗಸರು ಟೋಳಿ ಅನ್ನುವುದು ಇದಕ್ಕೇ. ಕೂಲಿಗೆ ಒಯ್ಯುವ ಒಂದೇ ಜೀಪಿನಲ್ಲಿ ಕೂತವರೆಲ್ಲ ಟೋಳಿಯಲ್ಲ.

ಅವತ್ತು ಸೋನ್ಯಾಳದ ಹೊಲದಲ್ಲಿ ನನ್ನ ಸಾಲು ಅರ್ಧಕ್ಕೇ ನಿಂತಿತ್ತು. ಮೊಣಕಾಲು ಮಡಚಲು ಒಲ್ಲದು, ಮಡಚಿದರೆ ಏಳಲು ಒಲ್ಲದು. ತಲೆಯೆತ್ತಿ ನೋಡಿದೆ. ಎಲ್ಲರೂ ಬೇವಿನ ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದರು. ಟೋಳಿ ಈಗ ದೀಪಾಲಿಯ ಕೈಯಲ್ಲಿದೆ. ಆಕೆ ನಮ್ಮೂರಿಗೆ ಸೊಸೆಯಾಗಿ ಬಂದಾಗ ಖುರಪಿ ಹಿಡಿಯಲು ಕಲಿಸಿದವಳು ನಾನು. ಹತ್ತಿದ ಏಣಿ ಒದೆಯುವುದನ್ನು ನಾನು ಕಲಿಸಿರಲಿಲ್ಲ, ಅದನ್ನು ತಾನೇ ಕಲಿತಳು. ಬೈಯಲೂ ತ್ರಾಣವಿರಲಿಲ್ಲ.

ನೆರಳಿನಿಂದ ಇಮಾಮಬಿ ಎದ್ದಳು. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಪಕ್ಕದ ಸಾಲು ಅವಳದೇ.

“ಚಾಚಿ, ಬಿಸಲಾಗ ಎಲ್ಲಿ ಹೊಂಟ್ರಿ, ಕುಂದ್ರಿ,” ಎಂದಳು ದೀಪಾಲಿ.

ಎದ್ದು ಹೋದವಳಿಗೂ ನಾಳೆ ಜೀಪು ನಿಲ್ಲುವುದಿಲ್ಲ ಎಂದು ಇಮಾಮಬಿಗೆ ತಿಳಿಯಿತು. ಮತ್ತೆ ಕೂತಳು. ಅವಳದು ತಪ್ಪು ಅನ್ನಲಾರೆ, ಅವಳಿಗೂ ಹೊಟ್ಟೆಯಿದೆ. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿ ಕಳೆ ಕಿತ್ತೆ.

ಸ್ವಲ್ಪ ಹೊತ್ತಿಗೆ ಸಾಲಿನ ಆ ತುದಿಯಲ್ಲಿ ಗೊಣಗುವ ಸದ್ದು. ಇಮಾಮಬಿ ಸೆರಗನ್ನು ತಲೆಗೆ ಬಿಗಿದು ಎದುರು ಬರುತ್ತಿದ್ದಳು.

“ಹುಚ್ಚಿ, ಯಾಕ ಬಂದಿ? ನಾಳಿ ನಿನ್ನೂ ಬಿಟ್ಟು ಹೋಗ್ತಾರ,” ಎಂದೆ.

“ಹೋಗ್ಲಿ ಬಿಡ ಮಲಕವ್ವಾ. ಇವತ್ತ ನಿನ್ನ ಸಾಲ ಬಿಟ್ಟು ಕುಂತ್ರ, ನನ್ನ ಮೊಣಕಾಲ ಹಿಡದ ದಿನ ಯಾರ ಬರ್ತಾರ? ಬಾಯಿ ಮುಚ್ಚಿ ಕೈ ಹಚ್ಚು.”

ಮರುದಿನ ಜೀಪು ನಮ್ಮಿಬ್ಬರ ಮುಂದೆ ಧೂಳು ಹಾರಿಸಿ ಹೋಯಿತು. ಒಳಗೆ ಕೂತ ದೀಪಾಲಿ ಫೋನು ನೋಡುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಹೊರಟವರು ಮನೆಗೆ ಹೇಗೆ ಮರಳುವುದು? ಊರ ಅಂಚಿನ ಬಸಗೊಂಡನ ಹೊಲದ ಕಡೆ ನಡೆದೆವು. ಸಣ್ಣ ಹೊಲ, ಇಬ್ಬರಿಗೆ ಸಾಕು ಅಂದುಕೊಂಡೆವು.

ದಾರಿಯಲ್ಲಿ ಹಾಲವ್ವ ಕೂತಿದ್ದಳು. ನನಗಿಂತ ಹಿರಿಯಳು, ಬೆನ್ನು ಬಾಗಿದೆ. ಆಕೆಯ ಟೋಳಿ ಹೋದ ವರ್ಷವೇ ಆಕೆಯನ್ನು ಬಿಟ್ಟಿತ್ತು. ಆದರೂ ಮಡಿಲಲ್ಲಿ ಖುರಪಿ ಇತ್ತು.

“ನಿಮ್ಮ ಟೋಳ್ಯಾಗ ನನಗ ಜಾಗಾ ಐತೇನವಾ?”

ಇಮಾಮಬಿ ನನ್ನ ಮುಖ ನೋಡಿದಳು. ಆ ಬೆನ್ನಿಗೆ ಅರ್ಧ ಸಾಲೂ ಸಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಇನ್ನು ದಿನಾ ಎದ್ದು ಆಕೆಯ ಸಾಲಿಗೆ ಎದುರು ಹೋಗಬೇಕಾದವಳು ನಾನೇ. ನೆನೆದೊಡನೆ ಮೊಣಕಾಲು ನೋಯತೊಡಗಿತು.

“ಏಳ್ರಿ ಅತ್ತೀ,” ಎಂದೆ. “ನಡುವಿನ ಸಾಲ ನಿಮ್ದು.”